ಪಠ್ಯದಲ್ಲಿಲ್ಲದ ವಿಷಯ

ಕಡತ ಎಂದರೆ ಈಗ ಕಚೇರಿಯ ಫೈಲು. ತಹಶೀಲ್ದಾರರ ಮೇಜಿನ ಮೇಲೆ ದಾರ ಸುತ್ತಿಕೊಂಡು ಕೂತಿರುವುದೂ ಕಡತ, ಕಂಪ್ಯೂಟರಿನ ಒಳಗೆ ಹೆಸರು ಕೊಟ್ಟು ಉಳಿಸುವುದೂ ಕಡತ. ಇನ್ನೂರು ವರ್ಷಗಳ ಹಿಂದೆ ಮೈಸೂರು ಸೀಮೆಯಲ್ಲಿ ಈ ಮಾತು ಮುಟ್ಟಿ ನೋಡಬಹುದಾದ ಒಂದು ವಸ್ತುವನ್ನು ಹೇಳುತ್ತಿತ್ತು. ಹತ್ತಿಬಟ್ಟೆಯ ಉದ್ದನೆಯ ಪಟ್ಟಿಗೆ ಅಂಟು ಮತ್ತು ಇದ್ದಿಲಪುಡಿಯನ್ನು ಕಲಸಿ ಎರಡೂ ಮಗ್ಗುಲಿಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಪುಸ್ತಕದ ಹಾಗೆ ಮಡಿಸಿದರೆ ಅದು ಕಡತ. ಬಳಪದಿಂದ ಬರೆಯುವುದು, ಬೇಡವಾದಾಗ ಒರೆಸಿ ಮತ್ತೆ ಬರೆಯುವುದು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಹೊರಬರತೊಡಗಿದ ತನ್ನ ದಕ್ಷಿಣ ಭಾರತದ ಇತಿಹಾಸದಲ್ಲಿ ಇದನ್ನು ವಿವರವಾಗಿ ಬಣ್ಣಿಸಿದ್ದಾನೆ. ಅಂಗಡಿಯ ಲೆಕ್ಕ, ಶಾನುಭೋಗರ ಕಂದಾಯದ ಲೆಕ್ಕ ಎರಡೂ ಇದರ ಮೇಲೆಯೇ ನಡೆಯುತ್ತಿದ್ದವು. ಆದರೆ ಆ ಕಾಲದ ಶಾಲೆಯಾದ ಕೂಲಿಮಠದಲ್ಲಿ ಮರಳಿನ ಮೇಲೆ ಅಕ್ಷರ ತೀಡಿ ಬೆಳೆದ ಹುಡುಗನಿಗೆ ಪರೀಕ್ಷೆ ನಡೆಯುತ್ತಿದ್ದುದು ಕಡತದ ಮೇಲೂ ಅಲ್ಲ, ಮರಳಿನ ಮೇಲೂ ಅಲ್ಲ. ಅವನು ಪಾಠ ಒಪ್ಪಿಸಬೇಕಿತ್ತು. ಮಗ್ಗಿ, ಪದ್ಯ, ನಿಘಂಟು ಎಲ್ಲವೂ ಬಾಯಿಂದ ಬರಬೇಕಿತ್ತು. ಒಪ್ಪಿಸುವುದು ಎಂಬ ಕ್ರಿಯಾಪದವೇ ಆ ಕಾಲದ ಪರೀಕ್ಷೆಯ ಸ್ವರೂಪವನ್ನು ಹೇಳುತ್ತದೆ: ಗುರುವಿನಿಂದ ಪಡೆದದ್ದನ್ನು ಗುರುವಿಗೆ ತಿರುಗಿ ಕೊಡಬೇಕು, ಕೊಡುವ ದಾರಿ ದನಿಯೊಂದೇ. ತೊದಲುವ ಹುಡುಗನ ಲೆಕ್ಕ ಎಷ್ಟೇ ಚುರುಕಾಗಿರಲಿ, ಮಠದಯ್ಯನ ಕಿವಿಗೆ ಅವನು ದಡ್ಡನೇ.

ಹೈಸ್ಕೂಲು ಮಕ್ಕಳು ಕಂಪ್ಯೂಟರ್ ಪರೀಕ್ಷೆಯ ಬಗ್ಗೆ ಆಡುವ ಮಾತುಗಳನ್ನು ಅರ್ಥ ಮಾಡಿಕೊಳ್ಳಲು ಅಷ್ಟು ಹಿಂದಿನಿಂದ ಹೊರಡಬೇಕೆಂದು ನನಗೆ ಅನ್ನಿಸುವುದಕ್ಕೆ ಕಾರಣವಿದೆ. ಪರೀಕ್ಷೆಯ ಸಾಧನವನ್ನು ನಾವು ಬರೀ ಸಾಗಣೆಯ ಗಾಡಿ ಎಂದು ಭಾವಿಸುತ್ತೇವೆ. ಮಗುವಿನ ತಲೆಯಲ್ಲಿರುವುದನ್ನು ಮೌಲ್ಯಮಾಪಕರ ಬಳಿಗೆ ಒಯ್ಯುವುದಷ್ಟೇ ಅದರ ಕೆಲಸ, ಗಾಡಿ ಬದಲಾದರೆ ಸರಕು ಬದಲಾಗುವುದಿಲ್ಲ ಎಂಬ ನಂಬಿಕೆ ಅದು. ಮೈಸೂರಿನ ಪರೀಕ್ಷೆಗಳ ಚರಿತ್ರೆ ಇದನ್ನು ಒಪ್ಪುವುದಿಲ್ಲ. ದನಿ, ಇಂಗ್ಲಿಷು, ಲೇಖನಿ, ಟೈಪ್‌ರೈಟರು, ಓಎಂಆರ್ ಹಾಳೆಯ ವೃತ್ತ, ಈಗಿನ ಮೌಸು: ಪ್ರತಿಯೊಂದೂ ವೇಳಾಪಟ್ಟಿಯಲ್ಲಿ ಹೆಸರಿಲ್ಲದ, ಪಠ್ಯದಲ್ಲಿಲ್ಲದ ಇನ್ನೊಂದು ವಿಷಯವಾಗಿ ಪರೀಕ್ಷೆಯೊಳಕ್ಕೆ ಬಂದು ಕೂತಿದೆ. ಆ ವಿಷಯವನ್ನು ಮನೆಯಲ್ಲೇ ಕಲಿತು ಬಂದವರು ಮುಂದಾದರು, ಕಲಿಯಲು ಅವಕಾಶ ಸಿಗದವರು ಹಿಂದುಳಿದರು. ಮಕ್ಕಳ ದೂರು ಈ ಹೆಸರಿಲ್ಲದ ವಿಷಯದ ಮೇಲೆ. ಅದನ್ನು ಯಂತ್ರದ ಮೇಲಿನ ಹೆದರಿಕೆ ಎಂದು ಓದಿದರೆ ತಪ್ಪಾಗುತ್ತದೆ.

1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ತೆರೆದ ರಾಜಾ ಶಾಲೆಯೇ ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆಯಿತು. 1857ರಲ್ಲಿ ಮದರಾಸು ವಿಶ್ವವಿದ್ಯಾಲಯ ಹುಟ್ಟಿದಾಗ ಅದಕ್ಕೆ ಲಂಡನ್ನಿನ ಮಾದರಿಯಿತ್ತು: ಪಾಠ ಹೇಳುವ ಸಂಸ್ಥೆಗಿಂತ ಹೆಚ್ಚಾಗಿ ಅದು ಪರೀಕ್ಷೆ ನಡೆಸುವ ಸಂಸ್ಥೆ. 1916ರ ಜುಲೈ 27ರಂದು ಮೈಸೂರಿಗೆ ತನ್ನದೇ ವಿಶ್ವವಿದ್ಯಾಲಯ ಬರುವವರೆಗೆ ಇಲ್ಲಿನ ಹುಡುಗರು ಮದರಾಸಿನ ಪರೀಕ್ಷೆಗೇ ಕಟ್ಟಬೇಕಿತ್ತು. ಪಾಠ ಹೇಳಿದವರು ಒಬ್ಬರು, ಪ್ರಶ್ನೆ ತೆಗೆಯುವವರು ಗುರುತಿಲ್ಲದ ಇನ್ನೊಬ್ಬರು. ಮುಖ ನೋಡಿ ಅಂಕ ಕೊಡುವಂತಿಲ್ಲದ ಈ ಏರ್ಪಾಡು ಒಂದು ದೊಡ್ಡ ನ್ಯಾಯವೇ ಸರಿ, ಅದನ್ನು ಕಡೆಗಣಿಸಬಾರದು. ಆದರೆ ಅದರ ಜೊತೆಯಲ್ಲೇ ಒಪ್ಪಿಸುವ ಬಾಯಿಯ ಜಾಗಕ್ಕೆ ಇಂಗ್ಲಿಷಿನಲ್ಲಿ ಓಡುವ ಕೈ ಬಂತು. ರೇಖಾಗಣಿತ ಬಲ್ಲವನು ಅದನ್ನು ಇಂಗ್ಲಿಷಿನಲ್ಲಿಯೂ ಬಲ್ಲವನಾಗಿರಬೇಕಾಯಿತು. ಇತ್ತ ಮಹಾರಾಜಾ ಸಂಸ್ಕೃತ ಪಾಠಶಾಲೆಯ ಪರಂಪರೆಯಲ್ಲಿ ಬಾಯಿಯ ಪರೀಕ್ಷೆ ಅಳಿಯಲಿಲ್ಲ. ಎದುರಾಳಿ ಎತ್ತಿದ ಆಕ್ಷೇಪಕ್ಕೆ ಅಲ್ಲೇ ಕೂತು ಸಮಾಧಾನ ಹೇಳುವ ವಾಕ್ಯಾರ್ಥದ ಪದ್ಧತಿ ಅಲ್ಲಿ ಉಳಿಯಿತು. ಒಂದೇ ಊರಿನಲ್ಲಿ ಎರಡು ಬಗೆಯ ಪರೀಕ್ಷೆಗಳು ಎರಡು ಬಗೆಯ ಜಾಣರನ್ನು ಆರಿಸಿ ತೆಗೆಯುತ್ತಿದ್ದವು.

ಈ ಹೆಸರಿಲ್ಲದ ವಿಷಯ ಮೈಸೂರಿನ ರಾಜಕೀಯವನ್ನೇ ಕಲಕಿದ ಪ್ರಸಂಗವೊಂದಿದೆ. ದಿವಾನ್ ಶೇಷಾದ್ರಿ ಅಯ್ಯರ್ 1890ರ ದಶಕದ ಆರಂಭದಲ್ಲಿ ಮೈಸೂರು ಸಿವಿಲ್ ಸರ್ವಿಸ್‌ಗೆ ಸ್ಪರ್ಧಾತ್ಮಕ ಪರೀಕ್ಷೆ ತಂದರು. ಶಿಫಾರಸು, ಬಂಧುತ್ವ, ಅರಮನೆಯ ಕೃಪೆ ಇವುಗಳಿಂದ ನೌಕರಿ ಸಿಗುತ್ತಿದ್ದ ಕಾಲದಲ್ಲಿ ಅದು ನಿಜಕ್ಕೂ ಮುನ್ನಡೆ. ಯಾರು ಬೇಕಾದರೂ ಬರೆಯಬಹುದು, ಹೆಚ್ಚು ಅಂಕ ಪಡೆದವನಿಗೆ ಕೆಲಸ. ಆದರೆ ಕಾಲು ಶತಮಾನ ಕಳೆಯುವಷ್ಟರಲ್ಲಿ ಈ ಬಾಗಿಲಿನಿಂದ ಒಳಗೆ ಬಂದವರು ಬಹುಪಾಲು ಒಂದೇ ಸಮುದಾಯದವರು ಎಂಬುದು ಎದ್ದು ಕಂಡಿತು. 1917ರಲ್ಲಿ ಹಿಂದುಳಿದ ಸಮುದಾಯಗಳ ಪರವಾಗಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಅದರ ಅಹವಾಲಿನ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಅರ್ಹತೆಯನ್ನು ಸಡಿಲಿಸಿದರೆ ಆಡಳಿತದ ದಕ್ಷತೆ ಕುಸಿಯುತ್ತದೆಂದು ನಂಬಿದ್ದ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. 1919ರಲ್ಲಿ ವರದಿ ಬಂತು, 1921ರಲ್ಲಿ ಹಿಂದುಳಿದ ವರ್ಗಗಳಿಗೆ ನೌಕರಿಯಲ್ಲಿ ಪಾಲು ಕೊಡುವ ಸರ್ಕಾರಿ ಆದೇಶವೂ ಬಂತು. ಈ ಜಗಳವನ್ನು ಅರ್ಹತೆ ಮತ್ತು ಮೀಸಲಾತಿಯ ಜಗಳವೆಂದೇ ನಾವು ನೆನೆಯುತ್ತೇವೆ. ಪರೀಕ್ಷೆಯ ಚರಿತ್ರೆಯ ಕಡೆಯಿಂದ ನೋಡಿದರೆ ಅದರಲ್ಲಿ ಇನ್ನೊಂದು ಪ್ರಶ್ನೆ ಇತ್ತು. ಎಲ್ಲರಿಗೂ ತೆರೆದ ಬಾಗಿಲು ಎಲ್ಲರ ಮನೆಯಿಂದಲೂ ಒಂದೇ ದೂರದಲ್ಲಿದೆಯೇ ಎಂಬುದು ಆ ಪ್ರಶ್ನೆ. ಪರೀಕ್ಷೆಯಲ್ಲಿ ಮೋಸವಾಯಿತೆಂದು ಯಾರೂ ಹೇಳಲಿಲ್ಲ. ತಲೆಮಾರುಗಳಿಂದ ಓದುಬರಹ ಇದ್ದ ಮನೆಯ ಹುಡುಗನಿಗೆ ಇಂಗ್ಲಿಷು ಮೊದಲು ದಕ್ಕಿತು, ಹೊಲದಿಂದ ಬಂದವನಿಗೆ ದಕ್ಕಲಿಲ್ಲ, ಮತ್ತು ಪರೀಕ್ಷೆ ಅದನ್ನು ಬುದ್ಧಿಯ ಅಂತರವೆಂದು ಬರೆದುಕೊಂಡಿತು. ಶುದ್ಧವಾಗಿ ನಡೆದ ಪರೀಕ್ಷೆಯೂ ಅನ್ಯಾಯದ ಪರೀಕ್ಷೆಯಾಗಿರಬಹುದು ಎಂಬುದನ್ನು ಈ ನಾಡು ನೂರು ವರ್ಷಗಳ ಹಿಂದೆಯೇ ಸರ್ಕಾರಿ ದಾಖಲೆಯಲ್ಲಿ ಒಪ್ಪಿಕೊಂಡಿದೆ.

ಅದೇ ಮಹಾರಾಜಾ ಕಾಲೇಜಿನಲ್ಲಿ 1918ರಿಂದ 1921ರವರೆಗೆ ತತ್ವಶಾಸ್ತ್ರ ಕಲಿಸಿದ ಎಸ್. ರಾಧಾಕೃಷ್ಣನ್ ಮುಂದೆ 1948-49ರ ವಿಶ್ವವಿದ್ಯಾಲಯ ಆಯೋಗದ ಅಧ್ಯಕ್ಷರಾದರು. ಉನ್ನತ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆ ಸಾಧ್ಯವೆನ್ನುವುದಾದರೆ ಅದು ಪರೀಕ್ಷೆಯ ಸುಧಾರಣೆಯಾಗಿರಲಿ ಎಂಬ ಅರ್ಥದ ಮಾತು ಆ ವರದಿಯಲ್ಲಿದೆ. ಆರ್.ಕೆ. ನಾರಾಯಣ್ ಇದೇ ಊರಿನಲ್ಲಿ ಹೈಸ್ಕೂಲು ಓದಿ, ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲೇ ನಪಾಸಾಗಿ ಒಂದು ವರ್ಷ ಮನೆಯಲ್ಲಿ ಕೂತರು. ಇಂಗ್ಲಿಷಿನಲ್ಲಿ ಬರೆದೇ ಜಗತ್ತಿನ ಓದುಗರನ್ನು ಗಳಿಸಿದ ಬರಹಗಾರನನ್ನು ಇಂಗ್ಲಿಷ್ ಪತ್ರಿಕೆ ಗುರುತಿಸಲಿಲ್ಲ. ಇದನ್ನು ಸ್ವಾರಸ್ಯದ ಸಂಗತಿಯಾಗಿ ಹೇಳುವುದುಂಟು. ನನಗೆ ಇದು ಸಾಕ್ಷ್ಯವಾಗಿ ಕಾಣುತ್ತದೆ: ಮೂರು ಗಂಟೆಯ ಲೇಖನಿ ಪರೀಕ್ಷೆ ಅಳೆಯುವುದು ವಿಷಯದ ಒಂದು ತುಣುಕನ್ನು ಮತ್ತು ಮೂರು ಗಂಟೆ ಬರೆಯುವ ತಾಕತ್ತನ್ನು. 1952-53ರ ಮುದಲಿಯಾರ್ ಆಯೋಗ ಪ್ರೌಢಶಿಕ್ಷಣವನ್ನು ಪರಿಶೀಲಿಸಿ, ಪ್ರಬಂಧರೂಪದ ಉತ್ತರಗಳ ಜೊತೆಗೆ ವಸ್ತುನಿಷ್ಠ ಪ್ರಶ್ನೆಗಳೂ ಬೇಕೆಂದದ್ದು ಈ ಕೊರತೆಯನ್ನು ಕಂಡೇ. 1966ರ ಕಾಯ್ದೆಯಿಂದ ರಾಜ್ಯಕ್ಕೆ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಬಂತು. ಕನ್ನಡದಲ್ಲಿ ಓದಿ ಕನ್ನಡದಲ್ಲೇ ಉತ್ತರ ಬರೆಯುವ ಲಕ್ಷಾಂತರ ಮಕ್ಕಳಿಗೆ ಎಸ್‌ಎಸ್‌ಎಲ್‌ಸಿ ಒಂದು ಹೊಸ್ತಿಲಾಯಿತು. ಕುವೆಂಪು ಜೀವನವಿಡೀ ವಾದಿಸಿದ ಕನ್ನಡ ಮಾಧ್ಯಮದ ಅತಿ ದೊಡ್ಡ ಫಲ ನನ್ನ ದೃಷ್ಟಿಯಲ್ಲಿ ಇದೇ: ಇಂಗ್ಲಿಷು ಎಂಬ ಹೆಸರಿಲ್ಲದ ವಿಷಯ ವಿಜ್ಞಾನ ಮತ್ತು ಸಮಾಜದ ಪತ್ರಿಕೆಗಳಿಂದ ಹೊರಗೆ ಹೋಯಿತು.

ಯಂತ್ರದ ಮುಂದೆ ಕೂತು ಪರೀಕ್ಷೆ ಕೊಡುವುದು ಹೊಸದೆಂದು ಭಾವಿಸುವವರು ಟೈಪಿಂಗ್ ಪರೀಕ್ಷೆಯನ್ನು ಮರೆತಿದ್ದಾರೆ. ಎಸ್‌ಎಸ್‌ಎಲ್‌ಸಿ ನಡೆಸುವ ಮಂಡಳಿಯೇ ವಾಣಿಜ್ಯ ಪರೀಕ್ಷೆಗಳೆಂಬ ಹೆಸರಿನಲ್ಲಿ ಬೆರಳಚ್ಚು ಮತ್ತು ಶೀಘ್ರಲಿಪಿಯ ಜೂನಿಯರ್, ಸೀನಿಯರ್ ದರ್ಜೆಗಳನ್ನು ಕನ್ನಡ, ಇಂಗ್ಲಿಷು ಎರಡರಲ್ಲೂ ನಡೆಸುತ್ತಾ ಬಂತು. 1963ರ ಆಡಳಿತ ಭಾಷಾ ಕಾಯ್ದೆಯ ನಂತರ ಕಚೇರಿಗಳಿಗೆ ಕನ್ನಡ ಬೆರಳಚ್ಚುಗಾರರು ಬೇಕಾದರು. ಮೈಸೂರಿನಂಥ ಊರಿನಲ್ಲಿ ಬೀದಿಗೊಂದರಂತೆ ಟೈಪಿಂಗ್ ಇನ್‌ಸ್ಟಿಟ್ಯೂಟುಗಳು ಎದ್ದವು. ಎಸ್‌ಎಸ್‌ಎಲ್‌ಸಿ ಮುಗಿಸಿದ ಹುಡುಗ ಹುಡುಗಿಯರು ದಿನಕ್ಕೊಂದು ಗಂಟೆ ಲೆಕ್ಕದಲ್ಲಿ ತಿಂಗಳ ಶುಲ್ಕ ಕೊಟ್ಟು, ಎ ಎಸ್ ಡಿ ಎಫ್ ಕುಟ್ಟುತ್ತ ಕಲಿತರು. ಕನ್ನಡದ ಕೀಲಿಮಣೆ ಅದಕ್ಕಿಂತ ಕಠಿಣ. ಒಂದು ಒತ್ತಕ್ಷರಕ್ಕೆ ಮೂಲಾಕ್ಷರ, ಸ್ವರಚಿಹ್ನೆ, ಕೆಳಗಿನ ಒತ್ತು ಹೀಗೆ ಹಲವು ಬಡಿತಗಳು ಬೇಕು, ಅವುಗಳ ಅನುಕ್ರಮವೂ ಬಾಯಲ್ಲಿ ಹೇಳುವ ಅನುಕ್ರಮವಲ್ಲ. ಇದನ್ನು ಬೆರಳಿಗೆ ಕಲಿಸಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಈ ಪರೀಕ್ಷೆಯ ಬಗ್ಗೆ ನನಗೆ ಇರುವ ಗೌರವಕ್ಕೆ ಕಾರಣ ಅದರ ಪ್ರಾಮಾಣಿಕತೆ. ಅದು ಯಂತ್ರವನ್ನೇ ವಿಷಯವೆಂದು ಕರೆಯಿತು. ಮೊದಲು ಕಲಿಸಿ, ಆಮೇಲೆ ವೇಗವನ್ನೂ ತಪ್ಪುಗಳನ್ನೂ ಎಣಿಸಿ ಅಂಕ ಕೊಟ್ಟಿತು. ಬೆರಳು ತಡವರಿಸಿದ್ದಕ್ಕೆ ಯಾರನ್ನೂ ಗಣಿತದಲ್ಲಿ ದಡ್ಡರೆಂದು ಬರೆಯಲಿಲ್ಲ. ಈಗಿನ ಚರ್ಚೆಯಲ್ಲಿ ಕಾಣೆಯಾಗಿರುವುದು ಈ ಒಂದು ವಿವೇಕ.

ಲೇಖನಿಗೂ ಮೌಸಿಗೂ ನಡುವೆ ಓಎಂಆರ್ ಹಾಳೆ ಬಂತು. 1990ರ ದಶಕದಲ್ಲಿ ವೃತ್ತಿಶಿಕ್ಷಣದ ಪ್ರವೇಶ ಪರೀಕ್ಷೆ ಸಿಇಟಿ ಮನೆಮಾತಾದ ಮೇಲೆ ವೃತ್ತ ತುಂಬುವುದು ಪಿಯು ಮಕ್ಕಳಿಗೆ ಅಭ್ಯಾಸವಾಯಿತು, ಆದರೆ ಹೈಸ್ಕೂಲಿಗೆ ಅದು ತಲುಪಿರಲಿಲ್ಲ. ಕೋವಿಡ್ ತಲುಪಿಸಿತು. 2021ರ ಜುಲೈ 19 ಮತ್ತು 22ರಂದು, ಆರು ವಿಷಯಗಳ ಎಸ್‌ಎಸ್‌ಎಲ್‌ಸಿಯನ್ನು ಎರಡೇ ದಿನಗಳಲ್ಲಿ, ಬಹುಆಯ್ಕೆಯ ಪ್ರಶ್ನೆಗಳಿಂದ, ಓಎಂಆರ್ ಹಾಳೆಯ ಮೇಲೆ ನಡೆಸಲಾಯಿತು. ಸುಮಾರು 8.7 ಲಕ್ಷ ಮಕ್ಕಳು ಬರೆದರು. ಬರೆದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ತೇರ್ಗಡೆಯಾದರು. ಆ ವರ್ಷದ ಪರಿಸ್ಥಿತಿಯಲ್ಲಿ ಯಾರನ್ನೂ ಕೈಬಿಡಬಾರದೆಂಬ ನಿರ್ಧಾರದ ಫಲಿತಾಂಶ ಅದಾದ್ದರಿಂದ ಅದರಿಂದ ಪರೀಕ್ಷೆಯ ಗುಣವನ್ನು ಅಳೆಯಲಾಗದು. ಗಮನಿಸಬೇಕಾದ್ದು ಬೇರೆ. ಮಾದರಿ ಓಎಂಆರ್ ಹಾಳೆಗಳನ್ನು ಮುಂಚೆಯೇ ಶಾಲೆಗಳಿಗೆ ಕಳಿಸಿ ತುಂಬುವ ಅಭ್ಯಾಸ ಮಾಡಿಸಲಾಯಿತು. ಅಂದರೆ ಅವಸರದಲ್ಲೂ ಇಲಾಖೆಗೆ ಈ ಸಂಗತಿ ಹೊಳೆದಿತ್ತು: ವೃತ್ತ ತುಂಬುವುದೂ ಒಂದು ಕಲಿಕೆ.

ಈಗ ಕಂಪ್ಯೂಟರಿನ ಸರದಿ. ಎಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್ 2019ರಿಂದ ಕಂಪ್ಯೂಟರಿನ ಮೇಲೆ ನಡೆಯುತ್ತಿದೆ, 2021ರಿಂದ ಅದರ ಪ್ರಶ್ನೆಗಳು ಕನ್ನಡದಲ್ಲೂ ಸಿಗುತ್ತವೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿಯುಇಟಿ 2022ರಲ್ಲಿ ಇದೇ ದಾರಿ ಹಿಡಿಯಿತು. ಹತ್ತನೇ ತರಗತಿಯ ಮಗುವಿಗೆ ಇದು ಎರಡು ವರ್ಷದ ಆಚೆ ಕಾದಿರುವ ಸಂಗತಿ, ಹಾಗಾಗಿ ಈಗಲೇ ಅದರ ಮಾತು. ಮಕ್ಕಳು ಇದನ್ನು ಇಷ್ಟಪಡುವ ಕಾರಣಗಳು ಖಚಿತವಾಗಿವೆ: ಅಕ್ಷರ ಚೆನ್ನಾಗಿಲ್ಲವೆಂದು ಅಂಕ ಹೋಗುವುದಿಲ್ಲ, ಉತ್ತರ ಬದಲಿಸಿದರೆ ಹಾಳೆ ಕೊಳೆಯಾಗುವುದಿಲ್ಲ, ಉಳಿದ ಸಮಯ ಪರದೆಯ ಮೂಲೆಯಲ್ಲಿ ಓಡುತ್ತಿರುತ್ತದೆ, ಬಿಟ್ಟ ಪ್ರಶ್ನೆ ಯಾವುದೆಂದು ಬಣ್ಣ ಹೇಳುತ್ತದೆ, ಫಲಿತಾಂಶ ಬೇಗ ಬರುತ್ತದೆ. ಇಷ್ಟವಾಗದ ಕಾರಣಗಳು ಇನ್ನೂ ಖಚಿತ. ಇಡೀ ಪತ್ರಿಕೆಯನ್ನು ಒಮ್ಮೆಗೇ ಹರಡಿ ನೋಡಲಾಗುವುದಿಲ್ಲ. ಪ್ರಶ್ನೆಯ ಪಕ್ಕದಲ್ಲೇ ಗೆರೆ ಎಳೆದು, ಮುಖ್ಯ ಪದಕ್ಕೆ ಅಡಿಗೆರೆ ಹಾಕಿ ಯೋಚಿಸುವ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಆಕೃತಿ ಪರದೆಯ ಮೇಲೆ, ಲೆಕ್ಕ ಹಾಳೆಯ ಮೇಲೆ, ಕಣ್ಣು ಎರಡರ ನಡುವೆ. ತಪ್ಪಿ ಏನೋ ಒತ್ತಿಬಿಟ್ಟರೆ ಎಂಬ ಅಳುಕು. ಕರೆಂಟು ಹೋದರೆ ಎಂಬ ಇನ್ನೊಂದು ಅಳುಕು, ಬೇಸಿಗೆಯ ಮಧ್ಯಾಹ್ನಗಳನ್ನು ಬಲ್ಲ ಯಾರಿಗಾದರೂ ಅದು ಅರ್ಥವಾಗುತ್ತದೆ. ಈ ಎರಡೂ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮಕ್ಕಳು ಎಷ್ಟು ಸೂಕ್ಷ್ಮವಾಗಿ ಯೋಚಿಸಿದ್ದಾರೆಂದು ತಿಳಿಯುತ್ತದೆ. ಇಷ್ಟದ ಪಟ್ಟಿಯಲ್ಲಿರುವುದೆಲ್ಲ ಲೇಖನಿಯ ಕಾಲದ ಹೆಸರಿಲ್ಲದ ವಿಷಯದಿಂದ ಬಿಡುಗಡೆ: ಅಕ್ಷರದ ಅಂದ, ಬರೆಯುವ ವೇಗ. ಇಷ್ಟವಿಲ್ಲದ ಪಟ್ಟಿಯಲ್ಲಿರುವುದೆಲ್ಲ ಹೊಸದಾಗಿ ಬಂದ ಹೆಸರಿಲ್ಲದ ವಿಷಯದ ಭಾರ.

ಇದಕ್ಕೆ ಬರುವ ಮೊದಲ ಆಕ್ಷೇಪ, ಇಂದಿನ ಮಕ್ಕಳಿಗೆ ಕಂಪ್ಯೂಟರು ಹೊಸದೇ? ಹುಟ್ಟಿದಾಗಿನಿಂದ ಕೈಯಲ್ಲಿ ಮೊಬೈಲಿದೆಯಲ್ಲ ಎಂಬುದು. ಮೊಬೈಲಿನಲ್ಲಿ ಹೆಬ್ಬೆರಳು ಓಡುತ್ತದೆ, ಪರೀಕ್ಷೆಯಲ್ಲಿ ಬೇಕಾದ್ದು ಮೌಸು. ಈಗಿನ ಪರೀಕ್ಷೆಗಳಲ್ಲಿ ಆಯ್ಕೆಯನ್ನೋ ಸಂಖ್ಯೆಯನ್ನೋ ಒತ್ತಿದರೆ ಸಾಕು ನಿಜ, ಆದರೆ ಎಸ್‌ಎಸ್‌ಎಲ್‌ಸಿಯಂಥ ಪರೀಕ್ಷೆ ಪರದೆಗೆ ಹೋಗಿ ವಿವರಣೆಯ ಉತ್ತರವನ್ನೂ ಕೇಳಿದರೆ ಮಗು ಕನ್ನಡದಲ್ಲಿ ಟೈಪ್ ಮಾಡಬೇಕಾಗುತ್ತದೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಿಂದ, ಕನ್ನಡ ಗಣಕ ಪರಿಷತ್ತಿನ ನುಡಿಯಿಂದ ಅದು ಟೈಪ್‌ರೈಟರಿನ ಕಾಲಕ್ಕಿಂತ ಎಷ್ಟೋ ಸುಲಭವಾಗಿದೆ. ಸುಲಭವಾದದ್ದೂ ಕಲಿಯದೆ ಬರುವುದಿಲ್ಲ. ಸರ್ಕಾರಿ ಹೈಸ್ಕೂಲುಗಳಿಗೆ ಕಂಪ್ಯೂಟರು ತರಲು ಈ ಶತಮಾನದ ಆರಂಭದಲ್ಲಿ ಮಾಹಿತಿ ಸಿಂಧು ಯೋಜನೆ ಬಂತು, ಅದರ ಹಿಂದೆ ಬೇರೆ ಯೋಜನೆಗಳೂ ಬಂದವು. ಆದರೆ ಯಂತ್ರ ಕೊಠಡಿಯೊಳಗೆ ಬರುವುದು ಬೇರೆ, ಪ್ರತಿ ಮಗುವಿಗೆ ವಾರಕ್ಕೆ ಒಂದು ಗಂಟೆಯಾದರೂ ಒಂದು ಯಂತ್ರ ಸಿಗುವುದು ಬೇರೆ. ಇದೇ ಮೈಸೂರಿನ ಹೆಬ್ಬಾಳದಲ್ಲಿ ಇನ್ಫೋಸಿಸ್ಸಿನ ವಿಶಾಲ ತರಬೇತಿ ಕೇಂದ್ರವಿದೆ, ನಾಡಿನ ಎಲ್ಲೆಡೆಯ ಎಂಜಿನಿಯರುಗಳು ಕಂಪ್ಯೂಟರು ಕಲಿಯಲು ಅಲ್ಲಿಗೆ ಬರುತ್ತಾರೆ. ಪದವಿ ಮುಗಿಸಿದವರಿಗೇ ಅಷ್ಟು ಅಭ್ಯಾಸ ಬೇಕಾದರೆ ಹದಿನಾರರ ಮಗುವಿಗೆ ಬೇಡವೆನ್ನುವುದು ಹೇಗೆ?

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಕಾಗದದ ಪರೀಕ್ಷೆ ಸೋರುತ್ತದೆ. 2016ರ ಮಾರ್ಚ್‌ನಲ್ಲಿ ದ್ವಿತೀಯ ಪಿಯು ರಸಾಯನಶಾಸ್ತ್ರದ ಪತ್ರಿಕೆ ಸೋರಿ ಪರೀಕ್ಷೆ ರದ್ದಾಯಿತು, ಮರುಪರೀಕ್ಷೆಯ ಪತ್ರಿಕೆಯೂ ಸೋರಿತು, ಕೊನೆಗೆ ಮೂರನೆಯ ಸಲ ಗೊತ್ತುಮಾಡಿದ ಏಪ್ರಿಲ್ 12ರಂದು ಮಕ್ಕಳು ಮತ್ತೆ ಕೂರಬೇಕಾಯಿತು. 2024ರಲ್ಲಿ ಎಸ್‌ಎಸ್‌ಎಲ್‌ಸಿ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಣು ಬಿದ್ದಾಗ, ಹಿಂದಿನ ವರ್ಷ 83.89 ಇದ್ದ ಶೇಕಡಾವಾರು ತೇರ್ಗಡೆ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಹಿಂದೆಂದಿಗಿಂತ ಹೆಚ್ಚಿಸಿದ ಮೇಲೆ. ಇಷ್ಟೆಲ್ಲ ನೋಡಿದವರು ಕಂಪ್ಯೂಟರು ಬರಲಿ ಎಂದರೆ ಅವರನ್ನು ದೂರಲಾಗದು. ಪ್ರಾಮಾಣಿಕವಾಗಿ ಓದಿದ ಮಕ್ಕಳಿಗೆ ಸೋರಿಕೆಗಿಂತ ದೊಡ್ಡ ಅವಮಾನವಿಲ್ಲ. ಆದರೂ 2021ರ ಜೆಇಇ ಮೇನ್‌ನಲ್ಲಿ ಪರೀಕ್ಷಾ ಕೇಂದ್ರದ ಕಂಪ್ಯೂಟರುಗಳಿಗೆ ದೂರದಿಂದಲೇ ಕೈಹಾಕಿದ ಆರೋಪದ ಮೇಲೆ ಸಿಬಿಐ ಪ್ರಕರಣ ದಾಖಲಿಸಿದ್ದು ಯಂತ್ರಕ್ಕೂ ಕಳ್ಳಗಿಂಡಿಯಿದೆಯೆಂದು ತೋರಿಸಿತು. ಇನ್ನೊಂದು ತೊಡಕು ಗಣಿತದ್ದು. ಎಂಟೊಂಬತ್ತು ಲಕ್ಷ ಮಕ್ಕಳಿಗೆ ಒಂದೇ ಹೊತ್ತಿನಲ್ಲಿ ಅಷ್ಟು ಕಂಪ್ಯೂಟರು ಒದಗಿಸಲಾಗದು. ಪಾಳಿಗಳು ಬೇಕು, ಪಾಳಿಗೊಂದು ಪತ್ರಿಕೆ ಬೇಕು, ಪತ್ರಿಕೆಗಳ ಕಾಠಿಣ್ಯ ಬೇರೆಯಾದಾಗ ಅಂಕಗಳನ್ನು ಸರಿದೂಗಿಸುವ ಸೂತ್ರ ಬೇಕು. ಜೆಇಇ ಮೇನ್ ಅಂಕದ ಬದಲು ಪರ್ಸೆಂಟೈಲ್ ಕೊಡುವುದು ಇದಕ್ಕೇ. ಇಡೀ ರಾಜ್ಯಕ್ಕೆ ಒಂದೇ ಪತ್ರಿಕೆ, ಒಂದೇ ಗಂಟೆ ಎಂಬುದರಲ್ಲಿ ಮಗುವಿಗೆ ಕಣ್ಣಿಗೆ ಕಾಣುವ ಸಮಾನತೆಯಿತ್ತು. ಸೂತ್ರದ ಸಮಾನತೆ ಸರಿಯಾದದ್ದೇ ಇರಬಹುದು, ಹತ್ತನೇ ತರಗತಿಯ ಮಗು ಅದನ್ನು ತಾನೇ ಲೆಕ್ಕ ಮಾಡಿ ನೋಡಲಾರದು. ಕಳ್ಳತನ ತಡೆಯುವುದು ಪರೀಕ್ಷೆಯ ಒಂದು ಧರ್ಮ, ಪರೀಕ್ಷೆಗೆ ಬೇಕಾದ್ದನ್ನು ಕಲಿಸುವುದು ಇನ್ನೊಂದು. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಬಿಡಲಾಗದೆಂಬುದು ಮಿಲ್ಲರ್ ಸಮಿತಿಯ ಕಾಲದಿಂದ ನಮಗೆ ಗೊತ್ತಿರುವ ಸಂಗತಿ.

ಮೂರನೆಯ ಮಾತೊಂದಿದೆ, ಅದನ್ನು ಆಕ್ಷೇಪವೆನ್ನದೆ ಒಪ್ಪಿಕೊಳ್ಳಬೇಕು. ಮೈಸೂರಿನಲ್ಲಿ 1901ರಲ್ಲೇ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಶುರುವಾಯಿತು. ಕಣ್ಣು ಕಾಣದ ಮಗುವಿಗೆ ಬೋರ್ಡಿನ ಪರೀಕ್ಷೆ ಎಂದರೆ ಲಿಪಿಕಾರನ ಮೇಲಿನ ಅವಲಂಬನೆ: ತನ್ನ ಉತ್ತರವನ್ನು ಇನ್ನೊಬ್ಬರ ಕೈ, ಇನ್ನೊಬ್ಬರ ಕಾಗುಣಿತ ಬರೆಯುತ್ತದೆ. ಪರದೆಯನ್ನು ಓದಿ ಹೇಳುವ ತಂತ್ರಾಂಶ ಕನ್ನಡದಲ್ಲಿ ಚೆನ್ನಾಗಿ ನಡೆದರೆ ಆ ಮಗು ತನ್ನ ಪರೀಕ್ಷೆಯನ್ನು ತಾನೇ ಬರೆಯುತ್ತದೆ. ಇದೊಂದಕ್ಕೇ ಕಂಪ್ಯೂಟರ್ ಪರೀಕ್ಷೆಯ ಪರವಾಗಿ ನಿಲ್ಲಬಹುದು. ಕೈನಡುಕವಿರುವ ಮಗುವಿಗೂ, ಬರಹದ ತೊಡಕಿರುವ ಮಗುವಿಗೂ ಇದೇ ಮಾತು. ಸಾಧನ ಬದಲಾದಾಗ ಯಾರೋ ಹಿಂದಾಗುವಂತೆ ಯಾರೋ ಮೊದಲ ಸಲ ಮುಂದೆ ಬರುತ್ತಾರೆ. ಕೂಲಿಮಠದ ತೊದಲು ಹುಡುಗ ಲಿಖಿತ ಪರೀಕ್ಷೆ ಬಂದಾಗ ಮುಂದೆ ಬಂದಿರಲೇಬೇಕು.

ಕಲಿಸದೆ ಕೇಳಬಾರದೆಂಬುದು ಅಧಿಕಾರಿಗಳಿಗೂ ತಿಳಿಯದ್ದಲ್ಲ. 2018ರಲ್ಲಿ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಜೆಇಇಗೆ ಮುಂಚಿತವಾಗಿ ದೇಶದಾದ್ಯಂತ ಶಾಲಾ ಕಾಲೇಜುಗಳಲ್ಲಿ ಅಭ್ಯಾಸ ಕೇಂದ್ರಗಳನ್ನು ತೆರೆದು, ವಾರಾಂತ್ಯಗಳಲ್ಲಿ ಮಕ್ಕಳು ಬಂದು ಯಂತ್ರದ ಮೇಲೆ ಕೈ ಪಳಗಿಸಿಕೊಳ್ಳಲು ಅವಕಾಶ ಮಾಡಿತ್ತು. ಹೈಸ್ಕೂಲಿನ ಪರೀಕ್ಷೆ ಪರದೆಗೆ ಹೋಗುವುದಾದರೆ ಅಂಥ ಅಭ್ಯಾಸ ವಾರಾಂತ್ಯದ ಕೊಡುಗೆಯಾಗಿ ಸಾಲದು. ಎಂಟನೇ ತರಗತಿಯಿಂದಲೇ ವೇಳಾಪಟ್ಟಿಯಲ್ಲಿ ಹೆಸರಿರುವ ಪಿರಿಯಡ್ಡಾಗಿ, ಕನ್ನಡ ಟೈಪಿಂಗ್ ಸೇರಿಸಿಕೊಂಡು ಬರಬೇಕು. ಮಾನಸಗಂಗೋತ್ರಿಯ ಪಕ್ಕದಲ್ಲೇ 1963ರಿಂದ ಶಿಕ್ಷಕರನ್ನು ತಯಾರು ಮಾಡುತ್ತಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಿದೆ, 1969ರಿಂದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯಿದೆ. ಕನ್ನಡದಲ್ಲಿ ಪರದೆಯ ಪ್ರಶ್ನೆಪತ್ರಿಕೆ ಹೇಗಿರಬೇಕೆಂದು ಮಕ್ಕಳನ್ನೇ ಕೇಳಿ ರೂಪಿಸಲು ಇದಕ್ಕಿಂತ ತಕ್ಕ ಊರು ಸಿಗುವುದು ಕಷ್ಟ. ಹಾಗೆ ಕೇಳುವುದಾದರೆ ಮೊದಲು ಕೇಳಬೇಕಾದ್ದು ಚಿತ್ತುಹಾಳೆಯ ಬಗ್ಗೆ. ಬೋರ್ಡಿನ ಗಣಿತ ಪತ್ರಿಕೆಯಲ್ಲಿ ಉತ್ತರ ತಪ್ಪಿದರೂ ಹಂತಕ್ಕೆ ಅಂಕವಿದೆ. ಸೂತ್ರ ಬರೆದಿದ್ದಕ್ಕೆ, ಬೆಲೆಗಳನ್ನು ಸರಿಯಾಗಿ ಹಾಕಿದ್ದಕ್ಕೆ, ಆಕೃತಿ ಎಳೆದಿದ್ದಕ್ಕೆ ಅಂಕ ಸಿಗುತ್ತದೆ. ಕಂಪ್ಯೂಟರ್ ಪರೀಕ್ಷೆಯಲ್ಲಿ ಆ ಹಂತಗಳೆಲ್ಲ ನಡೆಯುವುದು ಪಕ್ಕದಲ್ಲಿ ಕೊಟ್ಟ ಬಿಳಿ ಹಾಳೆಯ ಮೇಲೆ. ಜೆಇಇಯಲ್ಲಿ ಹೊರಗೆ ಹೋಗುವ ಮುಂಚೆ ಆ ಹಾಳೆಯ ಮೇಲೆ ಹೆಸರು, ಕ್ರಮಸಂಖ್ಯೆ ಬರೆದು ಬಾಗಿಲ ಬಳಿಯ ಡಬ್ಬಿಗೆ ಹಾಕಬೇಕು. ಮಗು ನಿಜವಾಗಿ ಯೋಚಿಸಿದ ಗುರುತೆಲ್ಲ ಅದರ ಮೇಲೆಯೇ ಇರುತ್ತದೆ, ಅದಕ್ಕೆ ಯಾರೂ ಅಂಕ ಕೊಡುವುದಿಲ್ಲ.